ಕಾಯುವವರ ಕೀರ್ತನೆ

ಸೋಮವಾರ, ಮಧ್ಯಾಹ್ನ

ನನ್ನ ವಾಚಾಳಿ ಗುಬ್ಬಿಗೆ,

ನಿನ್ನೆ ಚರ್ಚಿನಲ್ಲಿ ನಿನ್ನ ಕೀರ್ತನೆ ಹಾಡಿದೆವು. ನನ್ನ ಮಂಡಿನೋವು, ನಿನ್ನ ಊಟ, ನಿದ್ದೆ ಎಲ್ಲ ಆಮೇಲೆ. ಮೊದಲು ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ.

ನೀನು ಸ್ವರ ಹಾಕಿ ಕಳಿಸಿದ ಹಾಳೆ ನೋಡಿ ಕ್ವಾಯರ್ ಮಾಸ್ತರು ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಬೆಳಗಾಗುವುದಕ್ಕೆ ಕಾವಲುಗಾರ ಕಾಯುವ ಹಾಗೆ ಜೀವ ದೇವರಿಗಾಗಿ ಕಾಯುವ ಕಡೆ ಇದೆಯಲ್ಲ, ಅಲ್ಲಿ ‘ಕಾಯು’ ಎಂಬ ಒಂದೇ ಮಾತನ್ನು ಹೆಂಗಸರಿಗೆ ಒಂದು ಥರ, ಗಂಡಸರಿಗೆ ಇನ್ನೊಂದು ಥರ ಕೊಟ್ಟಿದ್ದೀಯ. “ದಾರಿ ನೋಡೋದಾ, ಕಾವಲಿರೋದಾ, ಯಾವುದಾದ್ರೂ ಒಂದು ಹೇಳಬೇಕಪ್ಪ” ಎಂದು ಗೊಣಗಿದರು. ನಾವು ಹೆಂಗಸರು ಕಿಟಕಿಯಿಂದ ಮತ್ತೆ ಮತ್ತೆ ಬಗ್ಗಿ ನೋಡುವವರ ಹಾಗೆ ಮೇಲಕ್ಕೆ ಹೋಗಿ ಬರುತ್ತೇವೆ. ಗಂಡಸರು ಕೆಳಗಿನ ಒಂದೇ ಸ್ವರದಲ್ಲಿ ಅಲ್ಲಾಡದೆ ನಿಲ್ಲುತ್ತಾರೆ. ಎರಡೂ ಕೂಡಿದಾಗಲೇ ಆ ಮಾತು ಪೂರ್ತಿಯಾಗುವುದು. ಇಷ್ಟು ವರ್ಷ ನನ್ನ ಪಾಲಿಗೆ ಕಾಯುವುದೆಂದರೆ ಒಲೆಯ ಮೇಲಿನ ಹಾಲು ಅಷ್ಟೇ ಆಗಿತ್ತು.

ಆದರೆ ಆ ಕೆಳಸ್ವರ ಯಾರಿಗೂ ಎಟುಕಲಿಲ್ಲ. ಕ್ಷೌರದಂಗಡಿಯವನು ಇಳಿಯಲು ಹೋಗಿ ಕೆಮ್ಮಿದ. ದನದ ಡಾಕ್ಟರು ಅರ್ಧಕ್ಕೇ ಕೈಚೆಲ್ಲಿದರು. ಸ್ವರವನ್ನೇ ಮೇಲಕ್ಕೆ ಏರಿಸಿಬಿಡೋಣ ಎಂದು ಮಾಸ್ತರು ಅಂದಾಗ ಬೇಡವೇ ಬೇಡ ಎಂದು ನಾನು ಅಡ್ಡ ಬಂದೆ. ಅದನ್ನು ಯಾರ ಗಂಟಲಿಗೆ ಬರೆದಿದ್ದೀಯೆಂದು ನನಗೆ ತಿಳಿಯದೆ? ನೂಲಿನ ಗಿರಣಿಯ ಗೇಟಿನಲ್ಲಿ ಕಾವಲು ನಿಂತು “ಯಾರದು” ಎಂದರೆ ಬೀದಿನಾಯಿಗಳೂ ತೆಪ್ಪಗಾಗುವ ಗಂಟಲು. ನೀನು ಟೀಚರ್ ಕೆಲಸ ಬಿಟ್ಟು ಸಂಗೀತ ಕಲಿಯಲು ಹೋದ ಮೇಲೆ ನಿನ್ನ ಹೆಸರನ್ನೂ ಎತ್ತದ, ಕ್ವಾಯರಿನ ಕಡೆಗೂ ತಲೆಹಾಕದ ನಿಮ್ಮಪ್ಪನ ಗಂಟಲು.

ಅದಕ್ಕೇ ಅವರಿಗೆ ಒಂದು ಸುಳ್ಳು ಹೇಳಿದೆ. ಇದು ಯಾರೋ ತೀರಿಹೋದ ದೊಡ್ಡ ಸಂಗೀತಗಾರರದ್ದು, ನೀವು ಬರದಿದ್ದರೆ ಇವರೆಲ್ಲ ಸೇರಿ ಕೆಡಿಸುತ್ತಾರೆ ಎಂದೆ. ನಿನ್ನ ಆಯಸ್ಸು ಇದರಿಂದ ಗಟ್ಟಿಯಾಯಿತು ಎಂದುಕೊ. ಹಾಳೆಯಲ್ಲಿದ್ದ ನಿನ್ನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದೆ, ಮಾಸ್ತರ ಬಾಯಿಗೂ ಬೀಗ ಹಾಕಿಸಿದೆ. ನಿಮ್ಮಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದರು. ಮರುದಿನ ಅಭ್ಯಾಸಕ್ಕೆ ಬಂದು ಹಿಂದಿನ ಸಾಲಿನಲ್ಲಿ ನಿಂತರು.

ನಿನ್ನೆ ಅವರು ಆ ಸ್ವರಕ್ಕೆ ಇಳಿದಾಗ ನಾನು ಹಿಡಿದಿದ್ದ ಬೆಂಚು ಅಂಗೈಯಲ್ಲಿ ಗುಂಯ್ಗುಟ್ಟಿತು. ನಾವೆಲ್ಲ ಆ ದನಿಯ ಮೇಲೆ ಕಾಲೂರಿ ಹಾಡಿದೆವು. ಕಣ್ಣು ತುಂಬಿ ಹಾಳೆ ಕಾಣದೆ ನಾನೊಂದು ಸಾಲು ತಪ್ಪಿದೆ. ಎಂಥದ್ದನ್ನು ಮಾಡಿದ್ದೀಯೇ ಮಗಳೇ. ಇದನ್ನು ಬರೆದವಳನ್ನು ಹೆತ್ತವಳು ನಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕೆನಿಸಿತು, ತುಟಿ ಕಚ್ಚಿಕೊಂಡೆ.

ಬರುವ ಭಾನುವಾರ ಇನ್ನೊಮ್ಮೆ ಹಾಡುತ್ತೇವೆ. ಧೈರ್ಯವಾಗಿ ಬಾ ಎನ್ನಲಾರೆ. ಸುಳ್ಳು ಬಯಲಾದರೆ ಅವರು ಮತ್ತೆ ಬಾಯಿ ಮುಚ್ಚಿಕೊಂಡಾರು, ಆಮೇಲೆ ನಿಮ್ಮಿಬ್ಬರನ್ನೂ ಒಂದೇ ಕಡೆ ತರಲು ನನ್ನ ಹತ್ತಿರ ಬೇರೆ ಉಪಾಯವಿಲ್ಲ. ಹಿಂದಿನ ಬಾಗಿಲ ಹೊರಗೆ ನಿಂತಾದರೂ ಕೇಳಿಸಿಕೊಂಡು ಹೋಗು.

ನಿನ್ನ ಹಾಡಿನಲ್ಲಿ ಸಾಲು ತಪ್ಪಿದ,
ಅಮ್ಮ

ಇನ್ನೊಂದು ಮಾತು: ಕಾಗದ ಮಡಿಸುತ್ತಿದ್ದೆ, ನಿಮ್ಮಪ್ಪ ಬಂದು ಅಂಚೆಗೆ ತಾವೇ ಹಾಕುತ್ತೇನೆಂದು ಕೈ ಚಾಚಿದರು. ನಾನು ತಡಬಡಿಸಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಮೂರನೇ ಸಾಲಲ್ಲಿ ಉಸಿರು ತಗೊಳ್ಳೋಕೆ ಜಾಗಾನೇ ಬಿಟ್ಟಿಲ್ಲ ಅಂತ ಬರಿ. ಚಿಕ್ಕವಳಿದ್ದಾಗಲೂ ಹಂಗೇ ಮಾತಾಡೋಳು. ಹಾಳೆ ನೋಡಿದಾಗಲೇ ಗೊತ್ತಾಯ್ತು. ಭಾನುವಾರ ಮುಂದಿನ ಬಾಗಿಲಿಂದಾನೇ ಬರೋಕೆ ಹೇಳು. ಅಲ್ಲೇ ಕಾಯ್ತಿರ್ತೀನಿ.” ಎರಡರಲ್ಲಿ ಯಾವ ಕಾಯುವುದು ಎಂದು ನಾನು ಕೇಳಲಿಲ್ಲ.