ವಾಲ್ವ್ ಎತ್ತಿ ತೋರಿಸಿ ಎಂದ ಸಾಹೇಬರಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ನಮ್ಮ ಗಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲಿ ತಂಪಿಗೆ ಬಳಸುವ ಅಮೋನಿಯಾ ಗ್ಯಾಸು ಸೋರುತ್ತಿದೆ. ಸೋರುವಂತೆ ಮಾಡಿದವರು ತಾವು. ಮರಾಠಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆಸಿದೆ, ಉತ್ತರವಿಲ್ಲ. ಹೇಗೂ ಓದುವವರಲ್ಲ ಎಂದ ಮೇಲೆ ಭಾಷೆ ಯಾವುದಾದರೇನು? ಪುಣೆಯ ಕನ್ನಡಿಗರಾದರೂ ಓದಲಿ ಎಂದು ಕನ್ನಡದಲ್ಲೇ ಬೈಯುತ್ತಿದ್ದೇನೆ.

ನನ್ನನ್ನು ಮರೆತಿರಬಹುದು. ಮಾರ್ಕೆಟ್ ಯಾರ್ಡಿನ ಹಿಂದೆ ಹೋಟೆಲು ನಡೆಸುವ ಕುಂದಾಪುರದವನು ನಾನು. ಕಳೆದ ವರ್ಷದ ತಪಾಸಣೆಗೆ ತಮಗೆ ಉಪ್ಪಿಟ್ಟು, ಕಾಫಿ ತಂದವನು. ತಿಂದು ಕೈ ಒರೆಸಿಕೊಂಡು ತಾವು, "ಸೇಫ್ಟಿ ವಾಲ್ವ್ ಚಾಲು ಆಹೇ ನಾ? ಎತ್ತಿ ತೋರಿಸಿ" ಎಂದಿರಿ. ಪ್ರತಿ ವರ್ಷದ ಸಂಪ್ರದಾಯವಂತೆ. ಮ್ಯಾನೇಜರು ಕಣ್ಸನ್ನೆ ಮಾಡಿದರು, ಆಪರೇಟರ್ ಹಿಡಿಕೆ ಎತ್ತಿದ, ಬುಸ್ಸೆಂದಿತು. ಮೂಗಿಗೆ ಕರವಸ್ತ್ರ ಹಿಡಿದು, "ಝಕಾಸ್!" ಎಂದು ಮೆಚ್ಚಿ ಸಹಿ ಹಾಕಿ ಜೀಪು ಹತ್ತಿದಿರಿ.

ಆ ಗ್ಯಾಸು ಎಲ್ಲಿಗೆ ಹೋಯಿತೆಂದು ಕೇಳಿದಿರಾ? ಒತ್ತಡ ಹೆಚ್ಚಾದರೆ ಗ್ಯಾಸು ಹೊರಬಿಡುವ ಆ ವಾಲ್ವಿನ ಪೈಪು ಛಾವಣಿ ದಾಟಿ ಮೇಲಕ್ಕೆ ಹೋಗಬೇಕು. ಇಲ್ಲಿ ಅದು ಹಿಂದಿನ ಗೋಡೆಯಾಚೆಗೆ ಬಾಗಿದೆ. ಅಲ್ಲಿರುವುದು ಶಿವಬಸವ್ವನ ತಗಡಿನ ಶೆಡ್ಡು. ಸುರಪುರದ ಕಡೆಯಿಂದ ಬಂದು ಯಾರ್ಡಿನಲ್ಲಿ ಬಟಾಟೆ ಆರಿಸುವ ಹೆಂಗಸು. ಹೊರಗೆ ಕೂತು ರೊಟ್ಟಿ ತಟ್ಟುತ್ತಿದ್ದವಳು ಮುಖ ಮುಚ್ಚಿಕೊಂಡು, ತಡವರಿಸುತ್ತ ನನ್ನ ಹೋಟೆಲಿಗೆ ಬಂದಳು. "ಅಣ್ಣಾ, ಕಣ್ಣಾಗ ಬೆಂಕಿ ಬಿದ್ದಂಗ ಆಗ್ಯಾದ್ರಿ, ನೀರು ಹಾಕ್ರಿ!" ಕೊಡಗಟ್ಟಲೆ ಸುರಿದೆ. ಬಲಗಣ್ಣು ಉಳಿಯಲಿಲ್ಲ. ಅವಳು ಓಡಿಬಂದಾಗ ತಮ್ಮ ಜೀಪು ಇನ್ನೂ ಗಲ್ಲಿ ದಾಟಿರಲಿಲ್ಲ, ಸ್ವಾಮಿ.

ಅಷ್ಟಕ್ಕೇ ಮುಗಿಯಿತೇ? ಕುಕ್ಕರಿನ ಸೀಟಿಯಲ್ಲಿ ಬೇಳೆಯ ಚೂರು ಸಿಕ್ಕಿಕೊಂಡರೆ ಅದು ಸುಂಯ್ ಎನ್ನುತ್ತಲೇ ಇರುತ್ತದೆ. ಈ ವಾಲ್ವೂ ಹಾಗೆಯೇ. ಒಮ್ಮೆ ಎತ್ತಿದರೆ ಒಳಗಿನ ತುಕ್ಕು, ಕಸ ಬಂದು ಅದರ ಬಾಯಲ್ಲಿ ಕೂರುತ್ತದೆ, ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಸರಿಯಿದೆಯೇ ಎಂದು ನೋಡಲು ಹೋಗಿ ಕೆಡಿಸಿದಿರಿ! ಅಂದಿನಿಂದ ಸೋರುವ ವಾಲ್ವಿಗೆ ಮ್ಯಾನೇಜರು ಕಂಡುಹಿಡಿದ ಔಷಧಿ ಒದ್ದೆ ಗೋಣಿಚೀಲ. ಕೇಳಿದರೆ, ಸಾಹೇಬರೇ ಪಾಸು ಮಾಡಿದ್ದಾರೆ, ಇಡ್ಲಿ ಮಾರುವವನಿಗೇನು ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಈಗ ಮತ್ತೆ ತಪಾಸಣೆಯ ಕಾಲ. ಮೊನ್ನೆ ಶಿವಬಸವ್ವ ಬಂದು, "ಅಣ್ಣಾ, ಸಾಹೇಬ್ರು ಬರೋದು ಮೊದಲೇ ಹೇಳ್ರಿ. ಮಕ್ಕಳಿಗಿ ಕರ್ಕೊಂಡು ಎಲ್ಯಾರ ಹೋಗಿ ಕುಂದರ್ತೀನಿ. ಇರೋದು ಒಂದೇ ಕಣ್ಣು" ಎಂದಳು. ಕೇಳಿಸಿತೇ? ಸುರಕ್ಷತೆಯ ಅಧಿಕಾರಿ ಬರುತ್ತಾರೆಂದು ಮನೆ ಬಿಟ್ಟು ಓಡಬೇಕಾದ ಸ್ಥಿತಿ ಬೇರೆಲ್ಲಾದರೂ ಇದೆಯೇ? ಅವಳಿಗೆ ಚಹಾ ಕೊಟ್ಟು ಕಳಿಸಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಆ ಗೋಣಿ ಬಿಚ್ಚಿಸಿ, ವಾಲ್ವ್ ಬದಲಿಸಿ. ಪಕ್ಕದಲ್ಲಿ ಇನ್ನೊಂದು ಕೂರಿಸಿ, ಒಂದು ರಿಪೇರಿಗೆ ಹೋದಾಗ ಇನ್ನೊಂದು ಕಾವಲಿರಲಿ. ಪರೀಕ್ಷೆ ವರ್ಕ್‌ಶಾಪಿನಲ್ಲಿ ನಡೆಯಲಿ, ಜನರ ಮುಖದ ಮೇಲೆ ಬೇಡ. ಪೈಪನ್ನು ಛಾವಣಿಗಿಂತ ಎತ್ತರಕ್ಕೆ ಒಯ್ಯಿಸಿ. ಇದಾವುದೂ ಆಗದು, ಎತ್ತಿ ತೋರಿಸಲೇಬೇಕು ಎಂದರೆ ಆಗಲಿ. ಆದರೆ ಈ ಸಲ ತಾವು ಗೋಡೆಯಾಚೆ, ಶಿವಬಸವ್ವನ ಒಲೆಯ ಮುಂದೆ ಕೂರಬೇಕು. ಉಪ್ಪಿಟ್ಟು ಅಲ್ಲಿಗೇ ತರುತ್ತೇನೆ. ನೀರಿನ ಕೊಡವನ್ನೂ ತರುತ್ತೇನೆ.

ಇಂತಿ,
ಅಂದು ತಮಗೆ ಬಡಿಸಿದ್ದಕ್ಕೆ ಇಂದು ಕೈ ಕೈ ಹಿಸುಕಿಕೊಳ್ಳುತ್ತಿರುವ
ಹೋಟೆಲಿನ ಮಹಾಲಿಂಗ
ಪುಣೆ, 2003