ಬಾಟಲಿಯ ತಳದ ಕೆಂಪು

ನೀರಿನ ಪ್ರಯೋಗಾಲಯ, ಹಿಂದಿನ ಕೋಣೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಅಂಗೈ ಇನ್ನೂ ಒರಟಾಗಿಯೇ ಇದೆಯೇ? ಎದೆಯ ಮೇಲಿನ ಕಪ್ಪು ಚುಕ್ಕೆಗಳು ಹೆಚ್ಚಿದವೇ? ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಇದನ್ನೇ ಕೇಳಿ ಇಟ್ಟುಬಿಟ್ಟೆ. "ಏನೋ, ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡಿದೆಯಾ?" ಅಂತ ನೀನು ನಕ್ಕೆ. ಸಿಕ್ಕಿಕೊಂಡಿತ್ತು ಅಕ್ಕಾ. ಬಾಯಿಗೆ ಬಾರದ್ದನ್ನು ಬರೆಯುತ್ತಿದ್ದೇನೆ.

ನಿಮ್ಮ ಮನೆಯ ಹಿಂದಿನ ಒರತೆಯ ನೀರನ್ನು ಎಂಟು ವರ್ಷದ ಹಿಂದೆ ಪರೀಕ್ಷಿಸಿ, ಕುಡಿಯಬಹುದು ಎಂದು ಸಹಿ ಹಾಕಿದವನು ನಾನೇ. ಅದನ್ನು ನಂಬಿಯೇ ನೀವು ಆ ಮನೆಗೆ ಬಂದಿರಿ. ನೆಲದಡಿಯಿಂದ ಬರುವಾಗ ಆ ನೀರು ತಿಳಿಯಾಗಿರುತ್ತದೆ. ಗಾಳಿ ತಗಲಿದ ಮೇಲೆ ಅದರೊಳಗಿನ ಕಬ್ಬಿಣ ತುಕ್ಕಿನ ಕಣಗಳಾಗುತ್ತದೆ. ನಿನ್ನ ಒಗೆಯುವ ಕಲ್ಲನ್ನು ಕೆಂಪು ಮಾಡಿರುವುದು ಅದೇ. ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದ್ದರೆ ಆ ಕಣಗಳು ಅದನ್ನೂ ಅಂಟಿಸಿಕೊಂಡು ತಳ ಸೇರುತ್ತವೆ. ಅದಕ್ಕೇ ಪರೀಕ್ಷೆಗೆಂದು ಬಾಟಲಿ ತುಂಬಿದ ಕೂಡಲೇ ಎರಡು ಹನಿ ಆಸಿಡ್ ಬಿಡಬೇಕು, ಆಗ ಎಲ್ಲವೂ ಕರಗಿಯೇ ಉಳಿಯುತ್ತದೆ. ಕೆಲಸಕ್ಕೆ ಸೇರುವ ಹೊಸಬರಿಗೆ ಮೊದಲ ದಿನ ನಾನು ಗಂಟೆಗಟ್ಟಲೆ ಕೊರೆಯುವ ಪಾಠ ಇದು. ಅವತ್ತು ನಿನ್ನ ಜೊತೆ ಹರಟೆ ಹೊಡೆಯುತ್ತ ನಾನೇ ಮರೆತೆ. ಎರಡು ದಿನದ ಮೇಲೆ ಬಾಟಲಿಯ ಮೇಲಿನ ತಿಳಿನೀರನ್ನಷ್ಟೇ ಅಳೆದೆ. ತಳದ ಕೆಂಪು ಕಣ್ಣಿಗೆ ಬಿದ್ದಿತ್ತು. ಬರೀ ತುಕ್ಕು ತಾನೇ ಎಂದುಕೊಂಡೆ. ನೀನು ಕಳಿಸಿದ ಭಾವನ ಕೈಯ ಫೋಟೊದಲ್ಲಿ ಆರ್ಸೆನಿಕ್‌ನ ಗುರುತು ಕಂಡಮೇಲೆ ನಮ್ಮ ಡ್ರೈವರ್ ಕೈಲಿ, ಈ ಸಲ ಆಸಿಡ್ ಬಿಡಿಸಿ, ಮತ್ತೆ ನೀರು ತರಿಸಿದೆ. ನಿನ್ನೆ ಬೆಳಿಗ್ಗೆ ಫಲಿತಾಂಶ ಬಂತು. ಮಿತಿಗಿಂತ ಹತ್ತು ಪಟ್ಟು ವಿಷವಿದೆ.

ಇನ್ನೂ ಕೆಟ್ಟದ್ದಿದೆ. ನೀನು ಮೊದಲು ನೀರನ್ನು ಕೊಡದಲ್ಲಿ ಒಂದು ದಿನ ಬಿಟ್ಟು, ಕೆಂಪು ಗಸಿ ಅಲುಗದಂತೆ ಮೇಲಿನದನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆ. "ಕಬ್ಬಿಣ ರಕ್ತಕ್ಕೆ ಒಳ್ಳೇದು ಕಣೇ, ಸುಮ್ನೆ ತಾಜಾ ಹಿಡ್ಕೊಂಡು ಕುಡಿ" ಅಂತ ನಾನು ಗೇಲಿ ಮಾಡಿದೆ. ತಮ್ಮ ಓದಿದವನು ಎಂದು ನೀನು ಸೋಸುವುದನ್ನೇ ಬಿಟ್ಟೆ. ನಿನ್ನ ಆ ಹಳೇ ಕೊಡ ವಿಷದ ಬಹುಪಾಲನ್ನು ತಡೆಯುತ್ತಿತ್ತು ಅಕ್ಕಾ. ಚರ್ಮದ ಡಾಕ್ಟರನ್ನು ಕೇಳಿದೆ. ಆಗಿರುವುದು ವಾಸಿಯಾಗುವುದಿಲ್ಲ ಎಂದರು. ಎಂಟು ವರ್ಷ ಎಂದಾಗ ಕನ್ನಡಕ ತೆಗೆದು ಒರೆಸುತ್ತ ಕೂತರು. ಮೇಲಧಿಕಾರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದೇನೆ. ಅದರಿಂದ ಭಾವನ ಕೈಗೇನೂ ಆಗುವುದಿಲ್ಲ.

ಭಾವನಿಗೆ ನಮಸ್ಕಾರ ಹೇಳು, ಅವರು ಒಪ್ಪಿಕೊಂಡರೆ. ಮಗಳಿಗೆ, ಮೊಮ್ಮಗುವಿಗೆ ನನ್ನ ಪ್ರೀತಿ.

ನೀನು ಎತ್ತಿ ಆಡಿಸಿದ
ತಮ್ಮ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಮೊದಲ ಸಾಲಲ್ಲೇ ಬರೆಯಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ಮಗು ಅಳುತ್ತಿತ್ತು, "ತಡಿ, ಮಗಳು ಹಾಲುಪುಡಿ ಕಲಸ್ತಿದಾಳೆ" ಅಂತ ನೀನು ಅಂದೆ. ಯಾವ ನೀರು ಎಂದು ನನಗೆ ಗೊತ್ತಿತ್ತು. ಆದರೂ ಹೇಳದೆ ಫೋನ್ ಇಟ್ಟೆ. ಈಗಲೇ ಎದ್ದು ಆ ನೀರಲ್ಲಿ ಕಲಸಿದ ಹಾಲನ್ನೆಲ್ಲ ಚೆಲ್ಲು. ಈ ಪತ್ರ ತಂದ ಡ್ರೈವರ್ ಹತ್ತಿರ ನಾಲ್ಕು ಕ್ಯಾನ್ ಒಳ್ಳೆಯ ನೀರು ಕಳಿಸಿದ್ದೇನೆ. ಇನ್ನು ನನ್ನ ಮುಖ ನೋಡದಿದ್ದರೂ ಸರಿ ಅಕ್ಕಾ, ನೀರನ್ನು ಮಾತ್ರ ವಾಪಸ್ ಕಳಿಸಬೇಡ.