ಹೊರಟವರ ರೊಟ್ಟಿ

ಖೊರೋಗ್
ಸೆಪ್ಟೆಂಬರ್ ೧೯

ನನ್ನ ಮುದ್ದು ಪರ್ವೋನಾ,

ನಿನ್ನ ಕೈಗೊಂದು ಮುತ್ತು. ನಿನ್ನ ಯಜಮಾನ ತಲಾಯ್‌ಗೆ ಸಲಾಮು ಹೇಳು, ನಿನ್ನ ಮಗಳ ಎರಡೂ ಕೆನ್ನೆ ನನ್ನ ಪರವಾಗಿ ಹಿಂಡು. ನಾವು ಊರಿಗೆ ವಾಪಸ್ ಬಂದು ಎಷ್ಟೋ ದಿನವಾಯ್ತು, ಈಗ ಕಾಗದ ಬರೀತಿದ್ದೀನಿ. ಬೈಕೋ, ಬೈಸಿಕೊಳ್ಳೋಕೆ ತಯಾರಾಗೇ ಕೂತಿದ್ದೀನಿ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಅಮ್ಮ ಪಕ್ಕದಲ್ಲೇ ಕಿವಿ ನಿಗುರಿಸಿಕೊಂಡೇ ಇರ್ತಾಳೆ, ನಾನು ಹೇಳಬೇಕಾದ್ದು ಒಂದೂ ಬಾಯಿಂದ ಹೊರಡಲ್ಲ. ಅದಕ್ಕೇ ನಿಮ್ಮ ಕಡೆಯ ಓಶ್‌ಗೆ ಹೊರಟಿರೋ ಲಾರಿಯವನ ಕೈಲಿ ಇದನ್ನ ಕೊಟ್ಟು ಕಳಿಸ್ತಿದ್ದೀನಿ.

ಪಕ್ಕದ ಮನೆ ಬುರುಲ್ ಅಜ್ಜಿ ಇಷ್ಟೊತ್ತಿಗೆ ನಿನಗೆ ವರದಿ ಒಪ್ಪಿಸಿರ್ತಾಳೆ. ನೀವೆಲ್ಲ ಕುರಿ ಹೊಡ್ಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದಾಗ ಇಬ್ಬರು ಹೆಂಗಸರು ಜೀಪಲ್ಲಿ ಬಂದಿದ್ದರು, ಒಂದು ರೊಟ್ಟಿ ಕೊಟ್ಟು ಹೋದರು ಅಂತ. ಒಬ್ಬಳು ನಾನು. ಇನ್ನೊಬ್ಬಳು ನಮ್ಮಮ್ಮ. ಹೌದು ಕಣೇ, ನಮ್ಮಮ್ಮನೇ! ನೀನು ಕಿರ್ಗಿಜ್ ಹುಡುಗನನ್ನ ಕಟ್ಟಿಕೊಂಡು ಹೋದ ದಿನದಿಂದ ನಿನ್ನ ಹೆಸರು ಎತ್ತದೆ ಕೂತಿದ್ದಳಲ್ಲ, ಅದೇ ಅಮ್ಮ.

ಹೇಗಾಯ್ತು ಕೇಳು. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಜೀಪಿನ ಕೆಳಗೆ ಮಲಗಿ ರಿಪೇರಿ ಮಾಡ್ತಿದ್ದೆ. ಅಮ್ಮ ಬಂದು ನನ್ನ ಕಾಲಿಗೆ ಕೋಲಿಂದ ತಿವಿದಳು. "ಲೇ ಸವ್ಸನ್, ಆ ಪರದೇಶದವರನ್ನ ಹಳೇ ವ್ಯಾಪಾರದ ದಾರಿ ತೋರಿಸ್ತೀನಿ ಅಂತ ಒಬ್ಬೊಬ್ಬರನ್ನೇ ಜೀಪಲ್ಲಿ ಕೂರಿಸಿಕೊಂಡು ಹೋಗ್ತೀಯಲ್ಲ, ನನ್ನನ್ನೂ ಕರ್ಕೊಂಡು ಹೋಗು. ನಮ್ಮಪ್ಪ ಕುದುರೆ ಮೇಲೆ ಒಣ ಜರ್ದಾಳು ಹೇರಿಕೊಂಡು ಓಡಾಡಿದ ದಾರಿ. ಆ ಕಲ್ಲಿನ ಛತ್ರ ಇದೆಯಲ್ಲ, ಅಲ್ಲೀ ತನಕ."

ನಾನು ಹೊರಗೆ ತೆವಳಿಕೊಂಡು ಬಂದೆ. "ಅಮ್ಮ, ಆ ಛತ್ರದ ಪಕ್ಕದ ಊರು ಅಟ್‌ಬಾಶಿ. ಅಲ್ಲಿ ಯಾರಿದ್ದಾರೆ ಗೊತ್ತು ತಾನೇ?"

"ಯಾರಿದ್ದಾರೆ? ಕಿರ್ಗಿಜರಿದ್ದಾರೆ," ಅಂದು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಹೊರಡೋ ದಿನ ಎದ್ದು ನೋಡಿದರೆ ತಂದೂರು ಹಚ್ಚಿ ಒಂದೇ ಒಂದು ರೊಟ್ಟಿ ಸುಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡಿದ್ದಾಳೆ. ನನಗೆ ಅರ್ಥವಾಯ್ತು. ಮನೆ ಬಿಟ್ಟು ಹೊರಡೋರಿಗೆ ಹೊಸ್ತಿಲಲ್ಲಿ ಕೊಡೋ ರೊಟ್ಟಿ. ಹೊರಟವರು ಒಂದು ತುತ್ತು ಕಚ್ಚಬೇಕು, ಉಳಿದದ್ದು ಅವರು ತಿರುಗಿ ಬಂದು ತಿನ್ನೋ ತನಕ ಮನೆಯಲ್ಲಿ ನೇತಾಡ್ತಿರಬೇಕು. ನಾನು ದುಶಾನ್ಬೆಗೆ ಓದೋಕೆ ಹೋದಾಗ ಕಚ್ಚಿಟ್ಟಿದ್ದು ನೆನಪಿದೆಯಾ? ಬಂದು ನಮ್ಮ ಉಪ್ಪು ಚಹಾದಲ್ಲಿ ನೆನೆಸಿ ತಿಂದರೂ ದವಡೆ ನೋಯ್ತಿತ್ತು, ನೀನು ಬಿದ್ದು ಬಿದ್ದು ನಗ್ತಿದ್ದೆ. ಆದರೆ ನೀನು ಹೊರಟ ದಿನ ಅಮ್ಮ ತಂದೂರು ಹಚ್ಚಲೇ ಇಲ್ಲ. ಬಾಯಿ ಬಿಟ್ಟು 'ತಿರುಗಿ ಬರಬೇಡ' ಅನ್ನಲಿಲ್ಲ ಅಷ್ಟೇ. ಆವತ್ತು ಕೊಡದ ರೊಟ್ಟಿಯನ್ನ ಈಗ ನಿನ್ನ ಬಾಯಿಗೆ ಹಿಡೀಬೇಕು ಅಂತ ಹೊರಟಿದ್ದಳು ಕಣೇ, ಬಾಯಲ್ಲಿ ಮಾತ್ರ ಛತ್ರ, ಛತ್ರ.

ಅಬ್ಬಾ, ಅದೇನು ಹೆಂಗಸು! ಎಷ್ಟು ಜನರನ್ನ ಆ ದಾರಿಯಲ್ಲಿ ಕರ್ಕೊಂಡು ಹೋಗಿದ್ದೀನಿ, ಇವಳಂಥ ಗಿರಾಕಿ ಸಿಕ್ಕಿರಲಿಲ್ಲ. "ಅವರಿಗೆ ಹೇಳೋದೆಲ್ಲ ನನಗೂ ಹೇಳು, ಬಿಟ್ಟಿ ಅಂತ ಕಡಿಮೆ ಮಾಡಬೇಡ" ಅಂದಳು. ಸರಿ, ಅಲಿಚೂರು ದಾಟಿದ ಮೇಲೆ ಗಂಟಲು ಸರಿ ಮಾಡ್ಕೊಂಡು, "ಸಾವಿರಾರು ವರ್ಷಗಳ ಹಿಂದೆ ಇಲ್ಲಿ ರೇಷ್ಮೆ ಹೊತ್ತ ಒಂಟೆಗಳು..." ಅಂತ ಶುರು ಮಾಡಿದೆ.

"ನೀನು ನೋಡಿದ್ಯಾ?"

"ಇಲ್ಲಮ್ಮ."

"ಮತ್ತೆ ಸುಮ್ನೆ ಗಾಡಿ ಓಡಿಸು. ನಮ್ಮಪ್ಪ ಹೇಳ್ತಿದ್ದ, ಇಲ್ಲಿ ಗಾಳಿಗೆ ಕಣ್ಣೀರೂ ಹೆಪ್ಪುಗಟ್ಟುತ್ತೆ, ಅಳೋದಿದ್ದರೆ ಮನೆಗೆ ಹೋಗಿ ಅಳು ಅಂತ. ಅದನ್ನ ಹೇಳು ಅವರಿಗೆ."

ಈಗ ಅದನ್ನೇ ಹೇಳ್ತಿದ್ದೀನಿ, ಎಲ್ಲರೂ ಬರ್ಕೋತಾರೆ!

ಮುರ್ಘಾಬ್ ಆಚೆ ದೊಡ್ಡ ಘಟ್ಟ ಏರಿದಾಗ ಅವಳಿಗೆ ಉಸಿರು ಕಟ್ಟಿತು. ತುಟಿ ನೀಲಿಯಾಯ್ತು. ಗಾಡಿ ತಿರುಗಿಸ್ತೀನಿ ಅಂದೆ. "ನಮ್ಮಪ್ಪನ ಕುದುರೆ ತಿರುಗಲಿಲ್ಲ, ನಿನ್ನ ಜೀಪು ಯಾಕೆ ತಿರುಗುತ್ತೆ?" ಅಂದಳು. ಎತ್ತರಕ್ಕೆ ಎಲ್ಲರಿಗೂ ಆಗೋದೇ ಅಂತ ನಾನೂ ಮುಂದಕ್ಕೇ ಓಡಿಸಿದೆ.

ಗಡಿಯಲ್ಲಿ ಒಬ್ಬ ಎಳೇ ಸಿಪಾಯಿ ಕೇಳಿದ, "ಅಜ್ಜಿ, ಯಾವ ಕೆಲಸದ ಮೇಲೆ ಹೊರಟಿದ್ದೀರಿ?" ಅಮ್ಮ ಎರಡೂ ಬಂಗಾರದ ಹಲ್ಲು ತೋರಿಸಿ ನಕ್ಕಳು. "ಪ್ರವಾಸಿ ಕಣಪ್ಪ ನಾನು. ಇವಳು ನನ್ನ ಡ್ರೈವರು." ಅವನು, "ಮಡಿಲ ಗಂಟು ಬಿಚ್ಚಿ ತೋರಿಸಿ" ಅಂದ. "ಹೊರಟವರ ರೊಟ್ಟಿ" ಅಂದಳು ಅಷ್ಟೇ. ಚಾಚಿದ ಕೈ ಹಿಂದಕ್ಕೆ ತಗೊಂಡು ಎದೆ ಮೇಲಿಟ್ಟುಕೊಂಡ ಪಾಪ. ಅವನೂ ಎಲ್ಲೋ ಮನೆಯಲ್ಲಿ ಒಂದು ಕಚ್ಚಿಟ್ಟು ಬಂದಿರಬೇಕು.

ಕಿರ್ಗಿಜರ ನಾಡಿಗೆ ಇಳಿದ ಮೇಲೆ ಹಸಿರು ನೋಡಿ ಅಮ್ಮನಿಗೆ ಹೊಟ್ಟೆಕಿಚ್ಚು. "ಇಷ್ಟು ಹುಲ್ಲು ಇಟ್ಕೊಂಡು ಇವರಿಗೆ ಕೊಬ್ಬು ಬರದೇ ಇರುತ್ತಾ ಮತ್ತೆ!" ದಾರಿಬದಿಯ ಗುಡಾರದಲ್ಲಿ ಒಬ್ಬಳು ಹುಳಿ ಬಂದ ಕುದುರೆ ಹಾಲು ಕೊಟ್ಟಳು. ಅಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಅಯ್ಯೋ, ನಮ್ಮ ಹುಡುಗಿ ಇದನ್ನ ಕುಡೀತಾಳಾ?" ನಮ್ಮ ಹುಡುಗಿ! ಅಷ್ಟು ವರ್ಷದ ಮೇಲೆ ಆ ಮಾತು ಬಂದಿದ್ದು ಕುದುರೆ ಹಾಲಿನಿಂದ ನೋಡು. ನಾನು ಗುಡಾರದ ಹಿಂದೆ ಹೋಗಿ ಅತ್ತು ಬಂದೆ. ಬರೋ ಹೊತ್ತಿಗೆ ಅವಳು ಎರಡನೇ ಬಟ್ಟಲು ಮುಗಿಸಿದ್ದಳು.

ನಿನ್ನ ಮನೆ ಮುಂದೆ ನಿಂತರೆ ಬೀಗ. ಪ್ರತಿ ಬೇಸಿಗೆ ಪರದೇಶದವರನ್ನ ಕಿರ್ಗಿಜರ ಗುಡಾರಗಳಿಗೇ ಕರ್ಕೊಂಡು ಹೋಗೋಳು ನಾನು, ಆ ಕಾಲದಲ್ಲಿ ಮನೆಯಲ್ಲಿ ನರಪಿಳ್ಳೆ ಇರಲ್ಲ ಅಂತ ನನಗೆ ಗೊತ್ತಿಲ್ಲವಾ? ಹೊಳೀಲಿಲ್ಲ ಕಣೇ. ನಾವು ಹೊಲ ಮನೆ ಬಿಟ್ಟು ಕದಲದ ಜನ. ತಂಗಿ ಮನೆ ಅಂದರೆ ಬಾಗಿಲು ತೆಗೆದಿರುತ್ತೆ, ಒಲೆ ಮೇಲೆ ಚಹಾ ಇರುತ್ತೆ ಅಂದ್ಕೊಂಡುಬಿಟ್ಟೆ. ನನ್ನ ತಲೆಗಿಷ್ಟು!

ಬುರುಲ್ ಅಜ್ಜಿ ನಮ್ಮನ್ನ ಒಳಗೆ ಎಳ್ಕೊಂಡು ಹೋದಳು. ನಿನ್ನ ಹುಲ್ಲುಗಾವಲಿಗೆ ಕುದುರೆ ದಾರಿ ಮಾತ್ರ, ಯಾರನ್ನಾದರೂ ಕಳಿಸ್ತೀನಿ ಅಂದಳು. ಅಮ್ಮ ಬೇಡ ಅಂದಳು. "ಹೇಳಿ ಕಳಿಸಿದರೆ ಕುರಿಮರಿ ಎಲ್ಲ ಬಿಟ್ಟು ಓಡಿ ಬರ್ತಾಳೆ, ಆ ಹುಚ್ಚಿ. ಅವಳ ಅತ್ತೆ ಎದುರಿಗೆ ಅವಳಿಗೆ ಮಾತು ತರಬಾರದು." ಆಮೇಲೆ ಇಬ್ಬರು ಮುದುಕಿಯರೂ ಕೂತು ಮಾತಾಡಿದರು ನೋಡು, ಇವಳು ನಮ್ಮ ಭಾಷೆ, ಅವಳು ಅವಳ ಭಾಷೆ. ನಾನು ಅರ್ಥ ಹೇಳೋಕೆ ಹೋದರೆ ಇಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸಿದರು. ನಿನ್ನ ಸುದ್ದಿಯೇ. ಮಾದರಿ ಸೊಸೆ ಅಂತೆ, ಬಾಯಿ ಜೋರಂತೆ, ಕೈ ಧಾರಾಳವಂತೆ. "ಬಾಯಿ ನಂದೇ" ಅಂದಳು ಅಮ್ಮ, ಹೆಮ್ಮೆಯಿಂದ.

ನೀನು ಆ ಅಜ್ಜಿಗೆ ಮಾಡಿಕೊಟ್ಟ ಉಣ್ಣೆಯ ಹಾಸು ಗೋಡೆ ಮೇಲಿತ್ತು. ನಡುವೆಲ್ಲ ಅವರ ಟಗರಿನ ಕೊಂಬಿನ ಚಿತ್ತಾರ. ಒಂದು ಮೂಲೆಯಲ್ಲಿ ಮಾತ್ರ ನಮ್ಮ ಉಣ್ಣೆ ಕಾಲುಚೀಲದ ಹೂವು, ಅಮ್ಮ ನಿನಗೆ ಹೆಣೆಯೋಕೆ ಕಲಿಸಿದ್ದು. ಅಮ್ಮ ಎದ್ದು ಹೋಗಿ ಅದನ್ನ ಬೆರಳಿಂದ ಸವರಿದಳು. ಎಷ್ಟು ಹೊತ್ತು ಸವರಿದಳು ಅಂತೀಯ. "ಇಂಥ ಕೆಲಸ ನನ್ನ ಕೈಲಿ ಯಾವತ್ತೂ ಆಗಿಲ್ಲ" ಅಂದಳು. ಅಮ್ಮನ ಬಾಯಲ್ಲಿ ಇಂಥ ಮಾತು ಕೇಳಿದ್ದೀಯಾ ನೀನು? ನಾನಂತೂ ಕೇಳಿಲ್ಲ.

ನಾಲ್ಕು ದಿನ ಕಾಯೋಣ ಅಂದೆ. ಒಪ್ಪಲಿಲ್ಲ. ಅಟ್‌ಬಾಶಿ ಹೆಚ್ಚುಕಮ್ಮಿ ನಮ್ಮೂರಷ್ಟೇ ಎತ್ತರ, ಅಲ್ಲೂ ಏದುಸಿರು ಬಿಡ್ತಿದ್ದಳು. "ಮನೆಗೆ ನಡಿ" ಅಂದಳು. "ಛತ್ರ ನೋಡಲ್ವಾ?" ಅಂದೆ. "ಕಲ್ಲು ತಾನೇ, ಎಲ್ಲಿಗೆ ಹೋಗುತ್ತೆ?" ಅಂದಳು. ನಿನ್ನ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಸುತ್ತಿದ್ದ ಬಟ್ಟೆ ತೆಗೆದು, ರೊಟ್ಟಿಯನ್ನ ಬುರುಲ್ ಅಜ್ಜಿ ಕೈಗೆ ಕೊಟ್ಟಳು. ಅಂಚಲ್ಲಿ ಒಂದು ತುತ್ತು ಹೋಗಿದೆ, ನೋಡಿರ್ತೀಯ. ಇಲಿ ತಿಂದದ್ದಲ್ಲ.

ಇಷ್ಟೇ ಸುದ್ದಿ. ನಿನ್ನ ಮನೆಯಲ್ಲಿ ಹಾಲು ಉಕ್ಕಲಿ, ನಿನ್ನ ಮಗಳು ನಿನ್ನಂಗೇ ಬಾಯಾಳಿಯಾಗಲಿ, ನೀವೆಲ್ಲ ತಣ್ಣಗಿರಿ. ಅಮ್ಮನಿಂದಲೂ ಮುತ್ತು. ನಾನು ಸೇರಿಸಿದ್ದಲ್ಲ, ಅವಳೇ ಹೇಳಿದ್ದು.

ನಿನ್ನ ಅಕ್ಕ
ಸವ್ಸನ್

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಸಾಲಲಿಲ್ಲ. ಅಮ್ಮನ ಉಸಿರು ಕಟ್ಟಿದ್ದು ಎತ್ತರಕ್ಕಲ್ಲ ಕಣೇ, ಹೃದಯ ಸೋತಿದೆ. ಚಳಿಗಾಲ ದಾಟೋದು ಕಷ್ಟ ಅಂತ ಡಾಕ್ಟರು ಹೇಳ್ತಾರೆ. ಅವಳಿಗೆ ಹೊರಡೋಕೆ ಮುಂಚೆಯೇ ಗೊತ್ತಿತ್ತಂತೆ.

ಆ ರೊಟ್ಟಿ ಕಚ್ಚಿದವಳು ಅವಳೇ. ಅಂಚಲ್ಲಿ ಬಂಗಾರದ ಹಲ್ಲಿನ ಗುರುತು ನೋಡು. ನಾನು ಅಲ್ಲೇ ಕೂಗಾಡಿದೆ, "ಅವಳು ಕಚ್ಚಲಿ ಅಂತ ಇಷ್ಟು ದೂರ ತಂದು ನೀನೇ ಕಚ್ಚಿದ್ಯಲ್ಲ ಅಮ್ಮ!" ಅವಳು ಬಾಯಲ್ಲಿ ತುತ್ತು ಇಟ್ಕೊಂಡೇ ಹೇಳಿದಳು, "ಅವಳು ಎಲ್ಲಿಗೆ ಹೊರಟಿದ್ದಾಳೆ? ಅವಳ ಮನೆ ಇದೇ. ನನ್ನ ಮಗಳ ಮನೆಯಿಂದ ಈಗ ಹೊರಟಿರೋಳು ನಾನು. ಕಚ್ಚಿಟ್ಟು ಹೋದರೆ ತಿರುಗಿ ಬರಲೇಬೇಕಲ್ಲ."

ಈಗ ಹಾಸಿಗೆಯಲ್ಲಿ ಮಲಗಿ ದಿನಾ ಒಂದೇ ಕೇಳ್ತಾಳೆ, "ಅವಳು ಅದನ್ನ ನೇತುಹಾಕಿರ್ತಾಳಾ, ಇಲ್ಲಾ ದನಕ್ಕೆ ಹಾಕಿರ್ತಾಳಾ?" ಅವಳಿನ್ನು ಆ ದಾರಿ ಹತ್ತಲಾರಳು. ದಾರಿಗೆ ಹಿಮ ಬೀಳೋಕೆ ಮುಂಚೆ ನೀನೇ ಅದನ್ನ ತಗೊಂಡು ಬಾ. ಕಲ್ಲಾಗಿದ್ದರೂ ತಾ. ಉಪ್ಪು ಚಹಾದಲ್ಲಿ ನೆನೆಸಿ, ನಿನ್ನ ಕೈಯಿಂದಲೇ ತಿನ್ನಿಸು.